ನಾದಕ್ಕೂ ತಕ್ಕಡಿ ಬೇಕು

ಕಿರಾಣಿ ಅಂಗಡಿಯವನ ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಬೇಕು. ಮುದ್ರೆಯಿಲ್ಲದ ಕಲ್ಲಿಟ್ಟು ಅರ್ಧ ಕಿಲೋ ಬೇಳೆ ತೂಗಿದವನಿಗೆ ದಂಡ ಉಂಟು. ಇದು ನ್ಯಾಯವೇ, ನಾವು ಇದನ್ನು ಆಕ್ಷೇಪಿಸತಕ್ಕವರಲ್ಲ. ಆದರೆ ಎರಡು ಲಕ್ಷ ರೂಪಾಯಿಯ ನಾದಯಂತ್ರವನ್ನು ಮಾರುವವನು "ಇದರಲ್ಲಿ ಹಾಡಿಗೆ ಜೀವ ಬರುತ್ತದೆ" ಎಂದು ಹೇಳಿದರೆ, ಆ ಜೀವವನ್ನು ಯಾವ ತಕ್ಕಡಿಯಲ್ಲಿ ತೂಗಿದಿರಿ ಸ್ವಾಮಿ ಎಂದು ಕೇಳುವ ಅಧಿಕಾರಿ ಇಲ್ಲ. ಬೇಳೆಗೆ ಒಂದು ನ್ಯಾಯ, ನಾದಕ್ಕೆ ಇನ್ನೊಂದು ನ್ಯಾಯ. ಈ ವಿಚಾರವಾಗಿ ನಾಲ್ಕು ಮಾತು ಬರೆಯುವುದು ಅವಶ್ಯವೆಂದು ನಮಗೆ ತೋರಿದೆ.

ಇದು ದೊಡ್ಡವರ ಚಟ, ಗಿರಣಿಯ ಕೂಲಿಗಾರನಿಗೂ ಸಂತೆಯ ವ್ಯಾಪಾರಿಗೂ ಇದರ ಗೊಡವೆ ಏಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಕಾರಣ ಮೂರು. ಮೊದಲನೆಯದಾಗಿ, ಅಂಕಿಯನ್ನು ನಾದಕ್ಕೆ ತಿರುಗಿಸುವ ಪರಿವರ್ತಕ ಇಂದು ಪ್ರತಿಯೊಬ್ಬನ ಜೇಬಿನಲ್ಲಿರುವ ಮೊಬೈಲಿನಲ್ಲಿದೆ; ಅದರ ಕೆಲಸ ತಿಳಿಯದೆ ನಾವು ದಿನವೂ ಅದನ್ನು ಬಳಸುತ್ತಿದ್ದೇವೆ. ಎರಡನೆಯದಾಗಿ, ನಮ್ಮ ಮನೆಗಳ ಹುಡುಗರು ಕಂತಿನ ಮೇಲೆ ಹೆಡ್‌ಫೋನು ಕೊಳ್ಳುವ ಕಾಲ ಬಂದಿದೆ. ಪಾಳಿಯ ಮೇಲೆ ಪಾಳಿ ಮಾಡಿ ಗಳಿಸಿದ ಹಣ ಎಲ್ಲಿ ಹೋಗುತ್ತದೆಂಬುದು ಮನೆಯ ಪ್ರಶ್ನೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮಗ್ಗದ ಶೆಡ್ಡು ಕೆಲಸಗಾರನಿಂದ ಕಿತ್ತುಕೊಳ್ಳುವ ಅಂಗಗಳಲ್ಲಿ ಕಿವಿ ಮೊದಲನೆಯದು. ಕಿವಿಯ ಬೆಲೆ ಬಲ್ಲವರು ನಾವೇ ಹೊರತು ಮೆತ್ತೆಯ ಮೇಲೆ ಕುಳಿತು ಹಾಡು ಕೇಳುವವರಲ್ಲ.

ಮೊದಲು ಈ ಪರಿವರ್ತಕವೆಂದರೆ ಏನು ಎಂಬುದನ್ನು ನೋಡೋಣ. ಇಂದಿನ ಹಾಡು ತಟ್ಟೆಯ ಗೀರಿನಲ್ಲಿಲ್ಲ, ಅಂಕಿಗಳಲ್ಲಿದೆ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1982ರಲ್ಲಿ ಮಾರುಕಟ್ಟೆಗೆ ತಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಒಂದು ಸೆಕೆಂಡಿನ ನಾದವನ್ನು 44,100 ಸಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದೆಂದು ಬರೆದಿಟ್ಟಿರುತ್ತಾರೆ. 44,100 ಏಕೆ? ಅಳತೆಯ ಸಂಖ್ಯೆಯ ಅರ್ಧದಷ್ಟು ಕಂಪನದವರೆಗಿನ ನಾದವನ್ನು ಪೂರ್ತಿಯಾಗಿ ಮರಳಿ ಪಡೆಯಬಹುದೆಂದು ಗಣಿತ ಹೇಳುತ್ತದೆ. ಅಮೆರಿಕದ ಕ್ಲಾಡ್ ಶ್ಯಾನನ್ 1949ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದರ ಸಾಧನೆಯಿದೆ. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನ, ಅದೂ ಎಳೆಯ ವಯಸ್ಸಿನಲ್ಲಿ. 44,100ರ ಅರ್ಧ 22,050. ಆದುದರಿಂದ ಕಿವಿಗೆ ಬೇಕಾದುದೆಲ್ಲ ಅದರೊಳಗೆ ಅಡಕವಾಯಿತು. ಬರೆದಿಟ್ಟ ಈ ಅಂಕಿಗಳನ್ನು ಮರಳಿ ವಿದ್ಯುತ್ತಿನ ಅಲೆಯಾಗಿ ಮಾಡುವುದೇ ಪರಿವರ್ತಕದ ಕೆಲಸ. ಆ ಅಲೆಗೆ ಹೆಡ್‌ಫೋನನ್ನು ಅಲುಗಿಸುವ ಶಕ್ತಿ ಕೊಡುವುದು ಆಂಪ್ಲಿಫಯರಿನ ಕೆಲಸ. ಇಷ್ಟೇ ಇದರ ಮರ್ಮ.

ಪರಿವರ್ತಕದ ಹೊಟ್ಟೆಯೊಳಗಿನ ಲೆಕ್ಕ ನಮ್ಮ ಹಳೆಯ ವರ್ತಕರಿಗೆ ಹೊಸದೇನಲ್ಲ. ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು ಎಂದು ಒಂದರ ಅರ್ಧ ಇನ್ನೊಂದಾಗಿ ಅಳತೆಯ ಪಾತ್ರೆಗಳಿರಲಿಲ್ಲವೇ? ಹಾಗೆಯೇ ಒಂದರ ಅರ್ಧ ಇನ್ನೊಂದಾದ 16 ಅಳತೆಗಳನ್ನು ಇಟ್ಟುಕೊಂಡರೆ, ಯಾವುದನ್ನು ಹಾಕಬೇಕು ಯಾವುದನ್ನು ಬಿಡಬೇಕು ಎಂಬುದರಿಂದಲೇ 65,536 ಬೇರೆ ಬೇರೆ ಮೊತ್ತಗಳನ್ನು ಅಳೆಯಬಹುದು. ಇದು ಒಂದು ಬಗೆಯ ಪರಿವರ್ತಕ. ಇದರಲ್ಲಿರುವ ಕಷ್ಟವೂ ವರ್ತಕನಿಗೆ ತಿಳಿಯದ್ದಲ್ಲ: ಎಲ್ಲಕ್ಕಿಂತ ದೊಡ್ಡ ಪಾತ್ರೆ ಎಲ್ಲಕ್ಕಿಂತ ಚಿಕ್ಕದರ 32,768 ಪಾಲಿನಷ್ಟು ದೊಡ್ಡದು, ಸೇರು ಒಂದು ಕಾಳಿನಷ್ಟು ತಪ್ಪಿದರೂ ಚಟಾಕಿನ ಲೆಕ್ಕ ವ್ಯರ್ಥ. ಆದುದರಿಂದಲೇ ಈ ಬಗೆಯದು ದುಬಾರಿ. ಇನ್ನೊಂದು ಬಗೆಯಲ್ಲಿ ಒಂದೇ ಸಣ್ಣ ಅಳತೆಯನ್ನು ಒಂದು ಸೆಕೆಂಡಿಗೆ ಲಕ್ಷಾಂತರ ಸಾರಿ ಹಾಕಿ ತೆಗೆದು ಸರಾಸರಿಯಿಂದ ಮೊತ್ತವನ್ನು ಮುಟ್ಟಿಸುತ್ತಾರೆ. ಇದು ಅಗ್ಗ, ಮೊಬೈಲಿನಲ್ಲಿರುವುದೂ ಇದೇ. ಚೆನ್ನಾಗಿ ಮಾಡಿದಲ್ಲಿ ಎರಡೂ ಸರಿಯಾಗಿಯೇ ಅಳೆಯುತ್ತವೆ.

ಇನ್ನು ಕಂಪನಿಯೊಂದರ ಕಥೆಗೆ ಬರೋಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೇಸನ್ ಸ್ಟಾಡರ್ಡ್ ಮತ್ತು ಮೈಕ್ ಮೊಫಟ್ ಎಂಬ ಇಬ್ಬರು 2010ರಲ್ಲಿ ಷಿಟ್ ಆಡಿಯೋ ಎಂಬ ಸಂಸ್ಥೆಯನ್ನು ಆರಂಭಿಸಿದರು. ಇಂಗ್ಲಿಷಿನ ಒಂದು ಹೊಲಸು ಪದದಂತೆಯೇ ಉಚ್ಚರಿಸಬೇಕಾದ ಈ ಹೆಸರನ್ನು ಅವರು ಬೇಕೆಂದೇ ಇಟ್ಟರು. ಬೆಳ್ಳಿಯ ಹರಿವಾಣದಲ್ಲಿ ಸರಕನ್ನಿಟ್ಟು ಮಾರುವ ಈ ವ್ಯಾಪಾರದ ಗಾಂಭೀರ್ಯವನ್ನು ಹಾಸ್ಯಮಾಡುವ ಉದ್ದೇಶ ಅದರಲ್ಲಿತ್ತು. ಇಬ್ಬರೂ ಹೊಸಬರಲ್ಲ. ಮೊಫಟ್ 1980ರ ದಶಕದಲ್ಲಿ ಥೀಟಾ ಡಿಜಿಟಲ್ ಎಂಬ ಕಂಪನಿಯನ್ನು ಕಟ್ಟಿ, ಪರಿವರ್ತಕವನ್ನು ಬಿಡಿ ಪೆಟ್ಟಿಗೆಯಾಗಿ ಮಾರಿದ ಮೊದಲಿಗರಲ್ಲಿ ಒಬ್ಬನೆನಿಸಿಕೊಂಡವನು. ಸ್ಟಾಡರ್ಡ್ ಸೂಮೋ ಎಂಬ ಕಂಪನಿಯಲ್ಲಿ ಆಂಪ್ಲಿಫಯರುಗಳನ್ನು ರಚಿಸಿದವನು. ಮನೆಯ ಗ್ಯಾರೇಜಿನಲ್ಲಿ ಕೆಲಸ ಆರಂಭವಾಯಿತು.

ತಮ್ಮ ಯಂತ್ರಗಳಿಗೆ ಇವರು ಉತ್ತರ ಯೂರೋಪಿನ ಪುರಾಣದ ಹೆಸರುಗಳನ್ನಿಟ್ಟರು. ಮೊದಲನೆಯ ಹೆಡ್‌ಫೋನು ಆಂಪ್ಲಿಫಯರಿನ ಹೆಸರು ಆಸ್‌ಗಾರ್ಡ್, ಅಂದರೆ ದೇವತೆಗಳ ಪಟ್ಟಣ, ನಮ್ಮ ಅಮರಾವತಿ ಇದ್ದ ಹಾಗೆ. ಅದರ ಬೆಲೆ 249 ಡಾಲರು. 2012ರಲ್ಲಿ ಮ್ಯಾಗ್ನಿ ಎಂಬ ಆಂಪ್ಲಿಫಯರನ್ನೂ ಮೋಡಿ ಎಂಬ ಪರಿವರ್ತಕವನ್ನೂ ತಲಾ 99 ಡಾಲರಿಗೆ ಮಾರಾಟಕ್ಕಿಟ್ಟರು. ಸಿಡಿಲಿನ ದೇವತೆ ಥಾರನ ಇಬ್ಬರು ಮಕ್ಕಳ ಹೆಸರು ಇವು. ಮೋಡಿ ಎಂದರೆ ನಮ್ಮಲ್ಲಿ ಕಣ್ಕಟ್ಟು. ಆದರೆ ಈ ಪೆಟ್ಟಿಗೆಯಲ್ಲಿರುವುದು ಕಣ್ಕಟ್ಟಲ್ಲ, ಲೆಕ್ಕ. ಆಮೇಲೆ ಎರಡು ಮೂರು ವರ್ಷಗಳಲ್ಲಿ ಇಗ್‌ಡ್ರಸಿಲ್ ಎಂಬ ದೊಡ್ಡ ಪರಿವರ್ತಕ ಬಂತು. ಇದು ಆ ಪುರಾಣದ ವಿಶ್ವವೃಕ್ಷ. ಬೆಲೆ 2,299 ಡಾಲರು. ಡಾಲರಿಗೆ 85 ರೂಪಾಯಿಯಂತೆ ಲೆಕ್ಕ ಹಿಡಿದರೆ ಮಗ 8,415 ರೂಪಾಯಿ, ಮರ 1,95,415 ರೂಪಾಯಿ. ಸುಂಕ, ತೆರಿಗೆ, ಹಡಗಿನ ಬಾಡಿಗೆ ಬೇರೆ.

ಒಂದೇ ಕಂಪನಿ, ಒಂದೇ ಕೆಲಸದ ಎರಡು ಪೆಟ್ಟಿಗೆ. ಒಂದರ ಬೆಲೆ ಇನ್ನೊಂದರ 23 ಪಾಲು. ಇದನ್ನು ನೋಡಿದೊಡನೆ ಮೋಸವೆಂದು ಕೂಗುವವರ ಪಕ್ಷ ನಮ್ಮದಲ್ಲ. ಮೊದಲ ಇಗ್‌ಡ್ರಸಿಲ್‌ನಲ್ಲಿ ಅನಲಾಗ್ ಡಿವೈಸಸ್ ಕಂಪನಿಯ ಎಡಿ5791 ಎಂಬ 20 ಬಿಟ್ಟಿನ ನಾಲ್ಕು ಚಿಪ್ಪುಗಳಿದ್ದವು. ನಾವು ಮೇಲೆ ಹೇಳಿದ ಸೇರು ಚಟಾಕಿನ ಬಗೆಯ ಚಿಪ್ಪು ಅದು. ಹಾಡಿಗೆಂದು ಮಾಡಿದ್ದಲ್ಲ, ಆಸ್ಪತ್ರೆಯ ಉಪಕರಣಗಳಿಗೂ ಅಳತೆಯ ಯಂತ್ರಗಳಿಗೂ ಮಾಡಿದ್ದು. ಅದಕ್ಕೆ ಬೆಲೆ ಹೆಚ್ಚು. ಭಾರಿ ಲೋಹದ ಕವಚ, ದೊಡ್ಡ ಟ್ರಾನ್ಸ್‌ಫಾರ್ಮರು, ಕಡಿಮೆ ಸಂಖ್ಯೆಯಲ್ಲಿ ತಯಾರಾಗುವುದರಿಂದ ತಲೆಗೊಂದರಂತೆ ಬೀಳುವ ಹೆಚ್ಚಿನ ಖರ್ಚು, ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಎಂಜಿನಿಯರರ ಸಂಬಳ, ಇವೆಲ್ಲ ಆ ಬೆಲೆಯಲ್ಲಿವೆ. ಶ್ರಮಕ್ಕೆ ಬೆಲೆ ಬೇಡವೆಂದು ಶ್ರಮಜೀವಿಗಳ ಪತ್ರಿಕೆ ಹೇಳಲಾಗದು. ಆದರೆ ಖರ್ಚು ಹೆಚ್ಚಾಯಿತೆಂಬುದು ಒಂದು ಮಾತು, ಕಿವಿಗೆ ಲಾಭ ಹೆಚ್ಚಾಯಿತೆಂಬುದು ಇನ್ನೊಂದು ಮಾತು. ಮೊದಲನೆಯದನ್ನು ಬಿಲ್ಲು ತೋರಿಸಿ ಸಾಧಿಸಬಹುದು. ಎರಡನೆಯದನ್ನು ಸಾಧಿಸಲು ಕಿವಿಯನ್ನೇ ಸಾಕ್ಷಿಗೆ ಕರೆಯಬೇಕು.

ಕಿವಿಯನ್ನು ಸಾಕ್ಷಿಗೆ ಕರೆಯುವುದಕ್ಕೂ ಒಂದು ಕ್ರಮವಿದೆ. ಯಾವ ಪೆಟ್ಟಿಗೆ ನುಡಿಯುತ್ತಿದೆಯೆಂದು ಕೇಳುವವನಿಗೆ ತಿಳಿದಿರಕೂಡದು. ಎರಡರ ಸದ್ದಿನ ಮಟ್ಟವೂ ಸರಿಸಮವಾಗಿರಬೇಕು. ತುಸು ಜೋರಾಗಿದ್ದದ್ದು ಯಾವಾಗಲೂ ಇಂಪಾಗಿದೆಯೆಂದೇ ಮನುಷ್ಯನಿಗೆ ತೋರುತ್ತದೆ. ಅಮೆರಿಕದಲ್ಲಿ ಮೇಯರ್ ಮತ್ತು ಮೋರಾನ್ ಎಂಬ ಇಬ್ಬರು ಇಂಥ ಪರೀಕ್ಷೆ ನಡೆಸಿ, 2007ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಉನ್ನತ ದರ್ಜೆಯ ಮುದ್ರಣವೊಂದನ್ನು ನೇರವಾಗಿ ಒಮ್ಮೆ, ಸಾಧಾರಣ ಸಿ.ಡಿ. ಮಟ್ಟದ ಪರಿವರ್ತನೆಯ ಮೂಲಕ ಹಾಯಿಸಿ ಒಮ್ಮೆ ಕೇಳಿಸಿದರು. 554 ಸಾರಿ ಕೇಳಿಸಿದಾಗ ಸರಿಯಾದ ಉತ್ತರ ಬಂದದ್ದು 276 ಸಾರಿ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಸದ್ದನ್ನು ಬಹಳ ಏರಿಸಿ, ಹಾಡಿಲ್ಲದ ಕಡೆಯ ಹಿನ್ನೆಲೆಯ ಮೊರೆತವನ್ನು ಕೇಳಿದಾಗ ಮಾತ್ರ ವ್ಯತ್ಯಾಸ ತಿಳಿಯಿತು.

ಪ್ರತಿಪಕ್ಷದ ಮಾತನ್ನೂ ಹೇಳುವುದು ಧರ್ಮ. 2016ರಲ್ಲಿ ಲಂಡನ್ನಿನ ಜೋಷುವಾ ರೀಸ್ ಎಂಬ ವಿದ್ವಾಂಸನು ಇಂಥ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಉನ್ನತ ದರ್ಜೆಯ ಮುದ್ರಣವನ್ನು ಗುರುತಿಸಿದವರ ಪ್ರಮಾಣ ಶೇಕಡ 52.3 ಎಂದು ಬಂತು. ತರಬೇತಿ ಪಡೆದವರಲ್ಲಿ ಇದು ಇನ್ನೂ ಹೆಚ್ಚು. ಅಂದರೆ ವ್ಯತ್ಯಾಸ ಸೊನ್ನೆಯೆಂದು ಹೇಳಲಾಗದು. ಆದರೆ ನೂರಕ್ಕೆ ಐವತ್ತು ಅಂದಾಜಿನಿಂದಲೇ ಬರುವ ಕಡೆ ಐವತ್ತೆರಡು ಬಂದರೆ, ಅದಕ್ಕಾಗಿ ಕೂಲಿಗಾರನೊಬ್ಬ ತಿಂಗಳುಗಟ್ಟಲೆಯ ಸಂಬಳ ಸುರಿಯಬೇಕೇ? ಹಣವಿದ್ದವನು ಸುರಿದರೆ ಸುರಿಯಲಿ. ಮೂರು ಸಾವಿರದ ಪಂಚೆಯನ್ನು ಉಡುವವನನ್ನು ನಾವು ತಡೆದಿಲ್ಲ. ಆದರೆ ಮುನ್ನೂರರ ಪಂಚೆಯನ್ನು ಉಟ್ಟವನು ಬೆತ್ತಲೆಯೆಂದು ಹೇಳಬಾರದು, ಅಷ್ಟೆ.

ಈ ಮಾತಿನಲ್ಲಿ ಷಿಟ್ ಕಂಪನಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲೇಬೇಕು. 2019ರ ಕೊನೆಯಲ್ಲಿ ಅವರು ಮ್ಯಾಗ್ನಿಯ ಎರಡು ರೂಪಗಳನ್ನು ಒಟ್ಟಿಗೆ ತಂದರು. ಒಂದು ಬಿಡಿ ಬಿಡಿ ಟ್ರಾನ್ಸಿಸ್ಟರುಗಳಿಂದ ಕಟ್ಟಿದ್ದು. ಇನ್ನೊಂದು ಸಿದ್ಧ ಚಿಪ್ಪುಗಳಿಂದ ಕಟ್ಟಿದ್ದು. ಅಳತೆಯ ಯಂತ್ರದ ಮುಂದೆ ಇದರದೇ ಮೇಲುಗೈ. ಇದಕ್ಕೆ ಅವರಿಟ್ಟ ಹೆಸರು ಹೆರೆಸಿ, ಅಂದರೆ ಮತಭ್ರಷ್ಟತೆ. ಎರಡಕ್ಕೂ ಒಂದೇ ಬೆಲೆ, 99 ಡಾಲರು. ಬಿಡಿ ಟ್ರಾನ್ಸಿಸ್ಟರೇ ಶ್ರೇಷ್ಠವೆಂಬ ನಂಬಿಕೆಯವನಿಗೆ ಒಂದು, ಅಂಕಿಯನ್ನು ನಂಬುವವನಿಗೆ ಇನ್ನೊಂದು. ನಂಬಿಕೆಗೆ ಹೆಚ್ಚು ದುಡ್ಡು ಕೀಳಲಿಲ್ಲ. ಯಂತ್ರಗಳ ಅಳತೆಯ ವರದಿಗಳನ್ನೂ ಪ್ರಕಟಿಸುವ ಪದ್ಧತಿಯನ್ನು ಇವರು ಹಿಡಿದಿದ್ದಾರೆ. ಗಿರಾಕಿಯ ಮುಂದೆ ತಕ್ಕಡಿಯನ್ನು ಇಟ್ಟು ತೂಗುವ ಅಂಗಡಿಯವನನ್ನು ನಾವು ಹೇಗೆ ಮೆಚ್ಚುತ್ತೇವೆಯೋ ಹಾಗೆ ಇದನ್ನೂ ಮೆಚ್ಚಬೇಕು.

ಆದರೆ ಈ ತಕ್ಕಡಿ ತಾನಾಗಿ ಬಂದದ್ದಲ್ಲ, ಹೊರಗಿನವರ ಒತ್ತಾಯವೂ ಇತ್ತೆಂಬುದನ್ನು ಮರೆಯಕೂಡದು. 2011ರಲ್ಲಿ ಎನ್‌ಡಬ್ಲ್ಯೂಎವಿಗೈ ಎಂಬ ಗುಪ್ತನಾಮದ ಎಂಜಿನಿಯರನೊಬ್ಬ ಹೆಡ್‌ಫೋನು ಆಂಪ್ಲಿಫಯರುಗಳನ್ನು ಒಂದೊಂದಾಗಿ ಯಂತ್ರದ ಮುಂದಿಟ್ಟು ಅಳೆದು ಫಲಿತಾಂಶಗಳನ್ನು ಜನರ ಮುಂದಿಟ್ಟನು. ಮೊದಲ ಆಸ್‌ಗಾರ್ಡಿನಲ್ಲಿ ಸ್ವಿಚ್ಚು ಹಾಕಿ ತೆಗೆಯುವಾಗ ಹೆಡ್‌ಫೋನಿಗೆ ಬೇಡದ ವಿದ್ಯುತ್ ಹೊಡೆತ ಬೀಳುತ್ತದೆಂದು ತೋರಿಸಿದವನೂ ಅವನೇ. ಗಲಾಟೆಯಾಯಿತು, ಆಮೇಲೆ ಕಂಪನಿ ಅದಕ್ಕೊಂದು ರಿಲೇ ಸೇರಿಸಿತು. ಟೀಕೆ ಮಾಡಿ ಅವನು ಸುಮ್ಮನೆ ಕೂರಲಿಲ್ಲ. ಓ2 ಎಂಬ ಆಂಪ್ಲಿಫಯರನ್ನು ತಾನೇ ರಚಿಸಿ, ಅದರ ನಕ್ಷೆಯನ್ನು ಯಾರು ಬೇಕಾದರೂ ನೋಡಿ ಕಟ್ಟಿಕೊಳ್ಳಲೆಂದು ಬಿಟ್ಟಿಯಾಗಿ ಪ್ರಕಟಿಸಿಬಿಟ್ಟನು. ಹಲವಾರು ಸಣ್ಣ ತಯಾರಕರು ಅದನ್ನು ಕಟ್ಟಿ ಮಾರಿದರು. 2012ರಲ್ಲಿ ಅವನು ಬರೆಯುವುದನ್ನು ನಿಲ್ಲಿಸಿದನು. ಅವನು ಯಾರೆಂಬುದು ಇಂದಿಗೂ ಬಹಿರಂಗವಾಗಿಲ್ಲ. ಹೆಸರೂ ಬೇಡ, ಹಣವೂ ಬೇಡವೆಂದು ವಿದ್ಯೆಯನ್ನು ಹಂಚಿ ಹೋದ ಆ ಅನಾಮಧೇಯನಿಂದಾಗಿ ಇಡೀ ಮಾರುಕಟ್ಟೆಯ ಬೆಲೆ ವಿವೇಕಕ್ಕೆ ಬಂದದ್ದರಲ್ಲಿ ಪಾಲಿದೆ. ಗುಟ್ಟು ಬಯಲಾದ ಕಡೆ ಬೆಲೆ ಇಳಿಯುತ್ತದೆ. ಇದು ಎಲ್ಲ ಸರಕಿಗೂ ಅನ್ವಯಿಸುವ ನಿಯಮ.

ಅಗ್ಗವೆಂಬುದು ಎಲ್ಲಿಯವರೆಗೆ ಬಂದಿದೆ ನೋಡಿ. 2016ರಲ್ಲಿ ಆಪಲ್ ಕಂಪನಿ ತನ್ನ ಐಫೋನಿನಿಂದ ಹೆಡ್‌ಫೋನಿನ ತೂತನ್ನೇ ಕಿತ್ತುಹಾಕಿತು. ಬದಲಿಗೆ ಬೆರಳುದ್ದದ ತಂತಿಯೊಂದನ್ನು 9 ಡಾಲರಿಗೆ ಮಾರಿತು. ಆ ತಂತಿಯ ತುದಿಯಲ್ಲಿ ಪೂರ್ಣ ಪರಿವರ್ತಕವೂ ಪುಟ್ಟ ಆಂಪ್ಲಿಫಯರೂ ಇವೆ. ಸ್ವತಂತ್ರ ಪರೀಕ್ಷಕರು ಅದನ್ನು ಅಳೆದಾಗ ಅದರ ಶುದ್ಧತೆಗೆ ಬೆರಗಾದರು. ತೂತನ್ನು ಕಿತ್ತು ತಂತಿಯನ್ನು ಮಾರಿದ ವ್ಯಾಪಾರಬುದ್ಧಿಯನ್ನು ನಾವು ಹೊಗಳುವುದಿಲ್ಲ. ಆದರೆ ಸಾಧಾರಣ ಹೆಡ್‌ಫೋನಿಗೆ ಶುದ್ಧವಾದ ನಾದ ಕೊಡಲು 765 ರೂಪಾಯಿಯ ವಸ್ತು ಸಾಕೆಂಬುದು ಅದರಿಂದ ಸಿದ್ಧವಾಯಿತು. ಇದನ್ನು ಕಂಡ ಮೇಲೂ ಸಾವಿರಾರು ಡಾಲರಿನ ಪೆಟ್ಟಿಗೆಯಿಲ್ಲದೆ ಸಂಗೀತವೇ ಇಲ್ಲವೆನ್ನುವವರ ಮಾತನ್ನು ಏನೆಂದು ಕರೆಯಬೇಕು?

ಹಾಗಾದರೆ ಬಿಡಿ ಆಂಪ್ಲಿಫಯರು ಯಾರಿಗೂ ಬೇಡವೇ? ಬೇಕಾದವರೂ ಇದ್ದಾರೆ, ಲೆಕ್ಕ ಹಾಕಿ ನೋಡೋಣ. ಸೆನ್‌ಹೈಸರ್ ಕಂಪನಿಯ ಎಚ್‌ಡಿ 600 ಎಂಬ ಹೆಸರುವಾಸಿ ಹೆಡ್‌ಫೋನು ಒಂದು ಮಿಲಿವ್ಯಾಟಿಗೆ 97 ಡೆಸಿಬೆಲ್ ನುಡಿಯುತ್ತದೆ. ಹತ್ತು ಡೆಸಿಬೆಲ್ ಹೆಚ್ಚಾಗಬೇಕಾದರೆ ಶಕ್ತಿ ಹತ್ತು ಪಾಲು ಬೇಕು. ಇಳಿಸುವಾಗಲೂ ಇದೇ ಲೆಕ್ಕ. ಹಿತವಾಗಿ 80 ಡೆಸಿಬೆಲ್ ಮಟ್ಟದಲ್ಲಿ ಕೇಳುವವನಿಗೆ ಒಂದು ಮಿಲಿವ್ಯಾಟಿನ 50ನೆಯ ಒಂದು ಪಾಲು ಸಾಕು. ತಬಲದ ಪೆಟ್ಟಿಗೆಂದು, ತಾರಸ್ಥಾಯಿಗೆಂದು ಅದರ ನೂರು ಪಾಲು ಮೀಸಲಿಟ್ಟರೂ ಎರಡು ಮಿಲಿವ್ಯಾಟು. ಮೊದಲ ಮ್ಯಾಗ್ನಿ 32 ಓಮಿನ ಹೆಡ್‌ಫೋನಿಗೆ ಕೊಡುತ್ತಿದ್ದದ್ದು 1.2 ವ್ಯಾಟು, ಅಂದರೆ 1,200 ಮಿಲಿವ್ಯಾಟು! ಶಕ್ತಿಯನ್ನು ವಿಪರೀತವಾಗಿ ಬೇಡುವ ಕೆಲವು ಹೆಡ್‌ಫೋನುಗಳು ನಿಜವಾಗಿಯೂ ಇವೆ. ಅವಕ್ಕೆ ಬಿಡಿ ಆಂಪ್ಲಿಫಯರು ಬೇಕು. ಉಳಿದವಕ್ಕೆ ಅದು ಸೈಕಲ್ಲಿಗೆ ಲಾರಿಯ ಎಂಜಿನ್ನು ಕಟ್ಟಿದ ಹಾಗೆ. ಇನ್ನೊಂದು ಮಾತು: ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನಿನೊಳಗೇ ಪರಿವರ್ತಕವೂ ಆಂಪ್ಲಿಫಯರೂ ಇರುತ್ತವೆ. ಅದನ್ನು ಕಿವಿಗೆ ಹಾಕಿಕೊಂಡು ಮೇಜಿನ ಮೇಲೆ ದುಬಾರಿ ಪೆಟ್ಟಿಗೆ ಇಟ್ಟರೆ ಅದು ಬರಿ ಅಲಂಕಾರ.

ಶಕ್ತಿಯ ಮಾತು ಬಂದಲ್ಲಿ ಕಿವಿಯ ಮಾತೂ ಬರಬೇಕು. ಇದನ್ನು ನಮ್ಮ ಗಿರಣಿಯ ಬಂಧುಗಳು ಲಕ್ಷ್ಯವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇವೆ. ನಮ್ಮ ದೇಶದ ಕಾರ್ಖಾನೆ ನಿಯಮಗಳಲ್ಲಿ ಎಂಟು ಗಂಟೆಯ ಪಾಳಿಗೆ 90 ಡೆಸಿಬೆಲ್ ಸದ್ದಿನ ಮಿತಿಯಿದೆ. ಮಗ್ಗಗಳು ಓಡುವ ಶೆಡ್ಡಿನಲ್ಲಿ ಆ ಮಿತಿ ದಾಟುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೆಡ್‌ಫೋನು ಕೇಳುವವರಿಗಾಗಿ ಪ್ರಕಟಿಸಿದ ಮಾನದಂಡ ಇದಕ್ಕಿಂತ ಬಿಗಿ: ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮೂರು ಡೆಸಿಬೆಲ್ ಏರಿದರೆ ಗಂಟೆಗಳು ಅರ್ಧವಾಗುತ್ತವೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ ಬರಿ 5 ಗಂಟೆ, ಅದೂ ಇಡೀ ವಾರಕ್ಕೆ. ಅಂದರೆ ಶೆಡ್ಡಿನ ಒಂದು ಪಾಳಿಯಲ್ಲೇ ವಾರದ ಪಾಲು ಮುಗಿದುಹೋಗುತ್ತದೆ. ಆಮೇಲೆ ಮನೆಗೆ ಬಂದು, ಕಿವಿ ಮಂದವಾಗಿದೆಯೆಂದು ಹೆಡ್‌ಫೋನಿನ ಸದ್ದನ್ನು ಏರಿಸುವುದು ಗಾಯದ ಮೇಲೆ ಗಾಯ.

ಸದ್ದಿನಿಂದ ಕೆಡುವ ಕಿವಿ ಮೊದಲು ಕಳೆದುಕೊಳ್ಳುವುದು 4,000 ಕಂಪನದ ಆಸುಪಾಸಿನ ನಾದವನ್ನು. ಮಾತಿನಲ್ಲಿ ಸ, ಶ, ತ ಮೊದಲಾದ ಅಕ್ಷರಗಳ ಹರಿತ ಇರುವುದು ಇಂಥ ಮೇಲಿನ ಕಂಪನಗಳಲ್ಲಿಯೇ. ಹೆಂಡತಿ ಕರೆದದ್ದು ಕೇಳುತ್ತದೆ, ಏನೆಂದಳೆಂಬುದು ಕೇಳುವುದಿಲ್ಲ. ಹೋದ ಶ್ರವಣಶಕ್ತಿ ಮರಳಿ ಬರತಕ್ಕದ್ದಲ್ಲ. ವಿಶ್ವವೃಕ್ಷದ ಹೆಸರಿನ ಪೆಟ್ಟಿಗೆಯೂ ಅದನ್ನು ಚಿಗುರಿಸಲಾರದು. ಲೋಕದಲ್ಲಿ 100 ಕೋಟಿಗೂ ಹೆಚ್ಚು ಯುವಜನರು ಇಂಥ ಅಪಾಯದಲ್ಲಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಆದುದರಿಂದ ನಾದಪ್ರಿಯನಾದ ಕೂಲಿಗಾರ ಕೊಳ್ಳಬೇಕಾದ ಮೊದಲನೆಯ ಉಪಕರಣ ಪರಿವರ್ತಕವಲ್ಲ, ಶೆಡ್ಡಿನಲ್ಲಿ ಹಾಕಿಕೊಳ್ಳುವ ಕಿವಿಯ ಬೆಣೆ. ಅದನ್ನೂ ಅವನು ಕೊಳ್ಳಬೇಕಾಗಿಲ್ಲ. ಮಾಲೀಕ ಒದಗಿಸಬೇಕು, ಕೆಲಸಗಾರ ಕೇಳಿ ಪಡೆಯಬೇಕು.

ಇನ್ನು ನಮ್ಮ ಸಣ್ಣ ವರ್ತಕರಿಗೆ ಸಂಬಂಧಿಸಿದ ಮಾತು. ಷಿಟ್ ಕಂಪನಿ ಅಮೆರಿಕದಲ್ಲಿ ಆರಂಭದಿಂದಲೂ ಅಂಗಡಿಗಳನ್ನು ಬಿಟ್ಟು ನೇರವಾಗಿ ಗಿರಾಕಿಗೆ ಮಾರಿತು. ನಡುವಣ ಕಮಿಷನ್ ಉಳಿದದ್ದರಿಂದಲೇ 99 ಡಾಲರಿನ ಬೆಲೆ ಸಾಧ್ಯವಾಯಿತು. ಇದನ್ನು ಓದಿ ಹಾಗಾದರೆ ಅಂಗಡಿಯವನು ಬೇಡವೇ ಎಂದು ಯಾರಾದರೂ ಕೇಳಿಯಾರು. ನಮ್ಮ ಉತ್ತರ ಇದು: ಅಂಗಡಿಯವನು ಸೇವೆ ಮಾಡಿದರೆ ಅವನ ಲಾಭ ಅವನ ಕೂಲಿ. ಕೊಳ್ಳುವ ಮೊದಲು ಕೇಳಿಸಿ ತೋರಿಸುವುದು, ಕೆಟ್ಟರೆ ತಿದ್ದಿಕೊಡುವುದು, ಬೇಡವಾದರೆ ಹಿಂದಕ್ಕೆ ತೆಗೆದುಕೊಳ್ಳುವುದು ಸೇವೆ. ಆ ಕಂಪನಿಯೂ ಮನೆಯಲ್ಲಿ ಕೆಲವು ದಿನ ಕೇಳಿ ನೋಡಿ ಹಿಂದಿರುಗಿಸುವ ಅವಕಾಶವನ್ನು ಕೊಟ್ಟೇ ನೇರ ಮಾರಾಟ ಮಾಡಿತು. ಆದರೆ ಗಿರಾಕಿಯ ಅಜ್ಞಾನವೇ ಅಂಗಡಿಯ ಬಂಡವಾಳವಾದಲ್ಲಿ, ದುಬಾರಿ ಅಂಗಡಿಗಳ ಮಂದ ಬೆಳಕಿನಲ್ಲಿ ನಡೆಯುವುದು ಹಲವು ಸಲ ಅದೇ, ಆ ಅಂಗಡಿ ಮುಚ್ಚಿದರೆ ನಾವು ಅಳಲಾರೆವು. ಸೋರುವ ರೇಡಿಯೋ ಸ್ಪೀಕರಿಗೆ ಹೊಸ ಕಾಗದ ಅಂಟಿಸಿಕೊಡುವ ನಮ್ಮ ಬೀದಿಯ ರಿಪೇರಿಯವನು ಬೇರೆ ಜಾತಿಯ ವರ್ತಕ; ಅವನು ಉಳಿಯಬೇಕು.

ರಿಪೇರಿಯ ಮಾತಿನಲ್ಲಿ ಇನ್ನೊಂದು ಮೆಚ್ಚತಕ್ಕ ವಿಷಯವಿದೆ. ಇವರು 2011ರಲ್ಲಿ ತಂದ ಬೈಫ್ರಾಸ್ಟ್ ಎಂಬ ಪರಿವರ್ತಕದ ಒಳಗಿನ ಮುಖ್ಯ ಹಲಗೆಗಳನ್ನು ಕಳಚಿ ಹೊಸದನ್ನು ಹಾಕಬಹುದಾಗಿತ್ತು. ವಿದ್ಯೆ ಮುಂದುವರಿದಾಗ ಪೆಟ್ಟಿಗೆಯನ್ನು ಎಸೆಯಬೇಕಾಗಿರಲಿಲ್ಲ. ಹಳೆಯದನ್ನು ಎಸೆದು ಹೊಸದನ್ನು ಕೊಳ್ಳಿ ಎನ್ನುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಪೆಟ್ಟಿಗೆಯ ಮೇಲೆ ಯಾರ ಹೆಸರಿದ್ದರೂ ಅದು ಎಷ್ಟು ಕೈಗಳನ್ನು ನಂಬಿದೆಯೆಂಬುದು 2020ರಲ್ಲಿ ತಿಳಿಯಿತು. ಆ ವರ್ಷ ಅಕ್ಟೋಬರ್ 20ರಂದು ಜಪಾನಿನ ಕ್ಯೂಷೂ ದ್ವೀಪದ ನೊಬೆಯೋಕಾ ಪಟ್ಟಣದಲ್ಲಿ ಅಸಾಹಿ ಕಾಸೆಯ್ ಕಂಪನಿಯ ಚಿಪ್ಪಿನ ಕಾರ್ಖಾನೆಗೆ ಬೆಂಕಿ ಬಿತ್ತು. ದಿನಗಟ್ಟಲೆ ಉರಿಯಿತು. ಲೋಕದ ಎಷ್ಟೋ ಹೆಸರುವಾಸಿ ಪರಿವರ್ತಕಗಳ ಹೃದಯ ಅಲ್ಲಿ ತಯಾರಾಗುತ್ತಿತ್ತು. ಚಿಪ್ಪಿನ ಅಭಾವವಾಯಿತು, ಬೆಲೆ ಏರಿತು, ಅನೇಕ ಕಂಪನಿಗಳು ತಮ್ಮ ನಕ್ಷೆಗಳನ್ನೇ ಬದಲಿಸಬೇಕಾಯಿತು. ಬೇರೆ ಬೇರೆ ಬೆಲೆಯ, ಬೇರೆ ಬೇರೆ ಬಣ್ಣದ ಪೆಟ್ಟಿಗೆಗಳು ಒಂದೇ ಊರಿನ ಕಾರ್ಮಿಕರ ಕೈಯಿಂದ ಹೊರಡುತ್ತಿದ್ದವೆಂಬುದು ಗಿರಾಕಿಗಳಿಗೆ ಆಗ ಕಣ್ಣಿಗೆ ಬಿತ್ತು.

ಅಳತೆಯ ಕಾಯಿದೆ ಅಸಾಧ್ಯವೆಂದು ಯಾರೂ ಹೇಳಬೇಕಾಗಿಲ್ಲ. ಮನೆಯ ಆಂಪ್ಲಿಫಯರುಗಳ ಶಕ್ತಿಯನ್ನು ತಯಾರಕರು ಮನಬಂದಂತೆ ಉಬ್ಬಿಸಿ ಹೇಳುತ್ತಿದ್ದುದನ್ನು ಕಂಡು, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿಯೇ ನಿಯಮ ಮಾಡಿತು. 2024ರಲ್ಲಿ ಅದನ್ನು ಇನ್ನೂ ಬಿಗಿಮಾಡಿತು. ನಮ್ಮಲ್ಲಿ 1956ರ ತೂಕ ಅಳತೆ ಕಾಯಿದೆ ಬಂದು ಸೇರು ಪಾವುಗಳ ಗೊಂದಲ ಹೋಗಿ ದೇಶಕ್ಕೆಲ್ಲ ಒಂದೇ ಕಿಲೋ ಆಯಿತು. ಅದರ ಜಾಗದಲ್ಲಿ ಇಂದು 2009ರ ಕಾಯಿದೆಯಿದೆ. ಕಿಲೋಗೆ ಆದದ್ದು ಡೆಸಿಬೆಲ್ಲಿಗೆ ಏಕೆ ಆಗಬಾರದು? ನಾದಯಂತ್ರದ ಪೆಟ್ಟಿಗೆಯ ಮೇಲೆ ಎಷ್ಟು ಶಕ್ತಿ, ಎಷ್ಟು ವಿಕೃತಿ, ಯಾವ ಕ್ರಮದಲ್ಲಿ ಅಳೆದದ್ದು ಎಂಬುದನ್ನು ಅಚ್ಚು ಹಾಕಿಸಬೇಕು. ಹೆಡ್‌ಫೋನಿನ ಮೇಲೆ ಎಷ್ಟು ಸದ್ದಿನಲ್ಲಿ ಎಷ್ಟು ಹೊತ್ತು ಕೇಳಬಹುದೆಂಬುದನ್ನು ಕನ್ನಡದಲ್ಲಿ ಬರೆಯಿಸಬೇಕು. ಇದು ನಮ್ಮ ಒತ್ತಾಯ.

ಅದಾಗುವವರೆಗೆ ಕೊಳ್ಳುವ ಮನಸ್ಸಿರುವವರು ನಾಲ್ಕು ಮಾತು ನೆನಪಿಡಲಿ. ಹಣವಿದ್ದರೆ ಮೊದಲು ಒಳ್ಳೆಯ ಹೆಡ್‌ಫೋನಿಗೆ ಹಾಕಿ. ಕಿವಿಗೆ ತಿಳಿಯುವ ವ್ಯತ್ಯಾಸ ಹೆಚ್ಚಾಗಿ ಇರುವುದು ಅಲ್ಲಿ. ಸದ್ದು ಸಾಲದಿದ್ದರೆ ಮಾತ್ರ ಆಂಪ್ಲಿಫಯರು. ಮೊಬೈಲಿನಲ್ಲಿ ಮೊರೆತ ಕೇಳುತ್ತಿದ್ದರೆ ಮಾತ್ರ ಬಿಡಿ ಪರಿವರ್ತಕ. ಅದೂ ಅಗ್ಗದ್ದು ಸಾಕು. ಅಳತೆಯ ವರದಿ ಕೊಡದವನ ಸರಕಿಗೆ ಕೈಹಾಕಬೇಡಿ. ಹಳೆಯ 78 ಸುತ್ತಿನ ತಟ್ಟೆಯಿಂದ ಇಳಿಸಿದ ಹಾಡಿನಲ್ಲಿ ಇಲ್ಲದ ನಾದವನ್ನು ಯಾವ ಪೆಟ್ಟಿಗೆಯೂ ಹುಟ್ಟಿಸಲಾರದು. ಆದರೆ ಅದರಲ್ಲಿರುವ ಹಾಡುಗಾರನ ಪ್ರಾಣ 765 ರೂಪಾಯಿಯ ತಂತಿಯಲ್ಲೂ ಕೇಳುತ್ತದೆ.

ಒಳ್ಳೆಯ ನಾದ ಶ್ರೀಮಂತರ ಸೊತ್ತಲ್ಲ. ದಿನವಿಡೀ ಯಂತ್ರದ ಸದ್ದು ಕೇಳಿದವನಿಗೆ ಸಂಜೆ ಅರ್ಧ ಗಂಟೆ ಶುದ್ಧವಾದ ಹಾಡು ಕೇಳುವ ಹಕ್ಕು ಇನ್ನೂ ಹೆಚ್ಚು. ಆ ಹಕ್ಕಿಗೆ ತಗಲುವ ಖರ್ಚು ಇಂದು ಸಾಧಾರಣ ಮನುಷ್ಯನ ಕೈಗೆ ಎಟಕುವಷ್ಟು ಇಳಿದಿದೆ. ಇಳಿಸಿದವರು ಲೆಕ್ಕವನ್ನು ಬಯಲಿಗಿಟ್ಟವರು, ಗುಟ್ಟನ್ನು ಮಾರಿಕೊಂಡವರಲ್ಲ. ಕಿವಿಯನ್ನು ಉಳಿಸಿಕೊಳ್ಳಿ, ಅಳತೆಯನ್ನು ಕೇಳಿ, ಆಮೇಲೆ ಕಾಸು ಬಿಚ್ಚಿ.